ಗಂಟು ಚಿವುಟಿದರೆ ಒಳಗೆ ಕೆಂಪು

ಬ್ಯಾಕ್ಟೀರಿಯಾ ಮತ್ತು ಅವು ನೆಲೆಸುವ ಜೀವಿಗಳ ಮೇಲೆ ಪಿಎಚ್.ಡಿ ಮಾಡ್ತೀನಿ ಅಂತ ಮಗಳು ಹಟ ಹಿಡಿದಿದ್ದಾಳೆ, ಆ ಲ್ಯಾಬಲ್ಲಿ ದಿನವಿಡೀ ಏನು ಕೆಲಸ ಅಂತ ಕೇಳಿದ್ದೀರಿ. ನಾನು ವಿಶ್ವವಿದ್ಯಾಲಯವೊಂದರ ಅಂಥದೇ ಲ್ಯಾಬಲ್ಲಿ ರೈಜೋಬಿಯಂ ಗುಂಪಿನ ಮೇಲೆ ಕೆಲಸ ಮಾಡಿದವಳು. ಅಲಸಂದೆ, ಶೇಂಗಾ, ಕಡಲೆ ಗಿಡಗಳ ಬೇರಲ್ಲಿ ಗಂಟು ಕಟ್ಟಿಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಇವು. ಗಿಡ ಅವಕ್ಕೆ ಊಟ ಹಾಕುತ್ತದೆ.

ಹೆಚ್ಚಿನ ಹೊತ್ತು ಹೋಗುವುದು ತೊಳೆಯುವುದರಲ್ಲಿ, ಕಾಯುವುದರಲ್ಲಿ. ಹೊಲದಿಂದ ತಂದ ಗಂಟನ್ನು ಸ್ಪಿರಿಟ್‌ನಲ್ಲಿ, ಆಮೇಲೆ ಬ್ಲೀಚ್‌ನಲ್ಲಿ ಅದ್ದಿ, ನಾಲ್ಕೈದು ನೀರು ತೊಳೆದು, ಉರಿಯುವ ದೀಪದ ಪಕ್ಕ ಅರೆದು, ಕಾಂಗೋ ರೆಡ್ ಎಂಬ ಕೆಂಪು ಬಣ್ಣ ಬೆರೆಸಿದ ಅಗರ್ ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ) ಮೇಲೆ ಗೀರುತ್ತೇವೆ. 28 ಡಿಗ್ರಿಯಲ್ಲಿಟ್ಟರೆ ಕೆಲವು ಬ್ಯಾಕ್ಟೀರಿಯಾ ಎರಡು-ಮೂರು ದಿನಕ್ಕೇ ಬೆಳೆದು ಕಾಣುತ್ತವೆ, ಅಲಸಂದೆಯವು ವಾರ ಹಿಡಿಯುತ್ತವೆ. ರೈಜೋಬಿಯಂ ಆ ಕೆಂಪನ್ನು ಅಷ್ಟಾಗಿ ಹೀರದೆ ಲೋಳೆಲೋಳೆಯಾಗಿ ಬೆಳ್ಳಗೆ ಏಳುತ್ತದೆ. ಕಡುಕೆಂಪು ಚುಕ್ಕಿ ಕಂಡರೆ ಬೇರೇನೋ ನುಸುಳಿದೆ ಎಂಬ ಅನುಮಾನ.

ಅಷ್ಟಕ್ಕೇ ನಂಬುವಂತಿಲ್ಲ. ಒತ್ತಡದ ಹಬೆಯಲ್ಲಿ ಶುದ್ಧ ಮಾಡಿದ ಮರಳಿನ ಕುಂಡದಲ್ಲಿ ಬೀಜ ನೆಟ್ಟು, ಅದೇ ಬ್ಯಾಕ್ಟೀರಿಯಾ ಹಾಕಿ, ಗಂಟು ಕಟ್ಟುತ್ತದೋ ನೋಡಬೇಕು. ಹೋಲಿಸಿ ನೋಡಲು ಪಕ್ಕದಲ್ಲಿ, ಬೀಜ ನೆಟ್ಟು ಬ್ಯಾಕ್ಟೀರಿಯಾ ಹಾಕದ ಕುಂಡವೂ ಇರಬೇಕು. ಒಮ್ಮೆ ನನ್ನ ಆ ಬರಿ ಕುಂಡಗಳಲ್ಲೂ ಗಂಟು ಸಿಕ್ಕವು. ನೀರು ಹಾಕುವಾಗ ಒಂದರದು ಇನ್ನೊಂದಕ್ಕೆ ಸಿಡಿದಿತ್ತು. ನಾಲ್ಕು ವಾರದ ಕೆಲಸ ಮತ್ತೆ ಮೊದಲಿಂದ. ಅವತ್ತು ಅತ್ತುಬಿಟ್ಟೆ. ನಿಮ್ಮ ಮಗಳಿಗೂ ಇಂಥ ದಿನ ಬರುತ್ತವೆ. ಆಗ "ಇನ್ನೂ ಎಷ್ಟು ವರ್ಷ?" ಅಂತ ಮಾತ್ರ ಕೇಳಬೇಡಿ.

ಮತ್ತೆ ಇದರಲ್ಲಿ ಸೆಳೆತ ಏನು ಅಂದರೆ, 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳುತ್ತೇನೆ. ಸೋಯಾ ಬೇರುಗಂಟಿನ ಸುತ್ತಲಿನ ಸಾರಜನಕ ತೆಗೆದು, ಯಾವುದರೊಂದಿಗೂ ಬೆರೆಯದ ಆರ್ಗಾನ್ ಅನಿಲ ತುಂಬಿದರು. ಬ್ಯಾಕ್ಟೀರಿಯಾಕ್ಕೆ ಮಾಡಲು ಕೆಲಸವೇ ಇಲ್ಲ. ಆ ಗಂಟಿಗೆ ಹೋಗುವ ಆಮ್ಲಜನಕವನ್ನು ಗಿಡ ತಗ್ಗಿಸಿದಂತೆ ಕಂಡಿತು, ಅಲ್ಲಿನ ಬ್ಯಾಕ್ಟೀರಿಯಾ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ಕೂತು ಉಣ್ಣುವವರನ್ನು ಗಿಡ ಗುರುತು ಹಿಡಿಯುತ್ತದೆ! ಕಣ್ಣಿಲ್ಲ, ಮಿದುಳಿಲ್ಲ, ಆದರೂ ಹೇಗೆ? ಇಂಥ ಒಂದು ಪ್ರಶ್ನೆ ತಲೆಗೆ ಹೊಕ್ಕರೆ ನಾಲ್ಕೈದು ವರ್ಷ ಹೋದದ್ದೇ ಗೊತ್ತಾಗುವುದಿಲ್ಲ.

ಹೊಲವೋ ಕೈತೋಟವೋ ಇದ್ದರೆ, ಹೂ ಬಿಡುವ ಹೊತ್ತಿನ ಅಲಸಂದೆ ಗಿಡವೊಂದನ್ನು ಮಣ್ಣಿನ ಹೆಂಟೆ ಸಮೇತ ಕಿತ್ತು, ಬೇರು ತೊಳೆದು, ಒಂದು ಗಂಟನ್ನು ಉಗುರಲ್ಲಿ ಚಿವುಟಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಳಗದ್ದೇ ಆ ಬಣ್ಣ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ಹೆಚ್ಚಾದರೆ ಕೆಡುತ್ತದೆ, ಆ ಆಮ್ಲಜನಕವನ್ನು ಅಳತೆಯಲ್ಲಿಡುವುದು ಈ ಕೆಂಪೇ. ಹಸಿರೋ ಕಂದೋ ಆಗಿದ್ದರೆ ಇನ್ನೊಂದು ಚಿವುಟಿ ನೋಡಿ, ಆ ಗಂಟಿಗೆ ವಯಸ್ಸಾಗಿರುತ್ತದೆ.