ದ್ರಾಕ್ಷಿಗೆ ಬೆಲೆಯೋ, ಚೀಟಿಗೆ ಬೆಲೆಯೋ?

ಓದುಗರ ಪತ್ರ: "ಹೋದ ತಿಂಗಳು ಪಿಕಾಸೊ ಬಗ್ಗೆ ಬರೆದಾಗ, ಆತನ ಚಿತ್ರ ಫ್ರಾನ್ಸಿನ ಒಂದು ವೈನ್ ಬಾಟಲಿ ಮೇಲೂ ಬಂದಿತ್ತು ಅಂತ ಒಂದೇ ಸಾಲು ಬರೆದು ಬಿಟ್ಟಿದ್ದೀರಿ. ಯಾವ ವೈನು, ಯಾರ ತೋಟ? ನಾನು ದ್ರಾಕ್ಷಿ ಬೆಳೆದು ಮಣೂಕ (ಒಣದ್ರಾಕ್ಷಿ) ಮಾಡುವವನು. ನನ್ನ ಮಾಲು ಸಾಂಗ್ಲಿಗೆ ಹೋದ ಮೇಲೆ ಯಾರ ಹೆಸರಿನ ಡಬ್ಬಿ ಸೇರುತ್ತದೋ ನನಗೇ ಗೊತ್ತಿಲ್ಲ. ಅಲ್ಲಿ ಒಂದು ಬಾಟಲಿಗೆ ಹತ್ತಾರು ಸಾವಿರವಂತೆ. ಅದು ದ್ರಾಕ್ಷಿಗೋ, ಮೇಲೆ ಅಂಟಿಸಿದ ಚೀಟಿಗೋ? ನೀವು ಕುಡಿದು ನೋಡಿದ್ದೀರಾ?" (ತಿಕೋಟಾ ಕಡೆಯ ಒಬ್ಬ ಬೆಳೆಗಾರ)

ಸಂಪಾದಕರ ಉತ್ತರ:

ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದ್ದು ನನ್ನದೇ ತಪ್ಪು. ಈಗ ಬಡ್ಡಿ ಸಮೇತ ತೀರಿಸುತ್ತೇನೆ.

ಆ ತೋಟದ ಹೆಸರು ಶಾತೊ ಮೂತೋಂ ರಾತ್‌ಚೈಲ್ಡ್. ಫ್ರಾನ್ಸಿನ ಬೋರ್ದೊ ಸೀಮೆಯಲ್ಲಿ, ಜಿರೋಂದ್ ಅಳಿವೆಯ ದಂಡೆಗಿರುವ ಪೊಯಾಕ್ ಎಂಬ ಊರಲ್ಲಿದೆ. ಫ್ರೆಂಚಿನಲ್ಲಿ ಮೂತೋಂ ಅಂದರೆ ಕುರಿ. ನಮ್ಮ ಮಟನ್ ಅಂಗಡಿಯ ಮಟನ್ ಕೂಡ ಅದೇ ಮಾತಿನ ಮನೆಯದು. ಆದರೆ ತೋಟಕ್ಕೆ ಹೆಸರು ಬಂದದ್ದು ಕುರಿಯಿಂದಲ್ಲ, ದಿಬ್ಬ ಎಂಬರ್ಥದ ಹಳೇ ಮಾತಿನಿಂದ ಎನ್ನುತ್ತಾರೆ. ಮನೆಯವರು ಮಾತ್ರ ಕುರಿಯನ್ನೇ ಹಿಡಿದುಕೊಂಡರು. ಟಗರಿನ ತಲೆಯೇ ಅವರ ಗುರುತು.

1853ರಲ್ಲಿ ಬ್ಯಾಂಕಿನ ಮನೆತನವಾದ ರಾತ್‌ಚೈಲ್ಡ್‌ಗಳ ಇಂಗ್ಲಿಷ್ ಕವಲಿನ ನಥಾನಿಯಲ್, ಹರಾಜಿನಲ್ಲಿ ಇದನ್ನು ಕೊಂಡ. ಎರಡೇ ವರ್ಷಕ್ಕೆ, 1855ರಲ್ಲಿ, ಪ್ಯಾರಿಸಿನ ದೊಡ್ಡ ವಸ್ತುಪ್ರದರ್ಶನಕ್ಕೆಂದು ಬೋರ್ದೊದ ದಲ್ಲಾಳಿಗಳು ಅಲ್ಲಿನ ತೋಟಗಳಿಗೆ ಐದು ದರ್ಜೆ ಕಟ್ಟಿದರು. ಅಳತೆಗೋಲು ರುಚಿಯಲ್ಲ, ಮಾರುಕಟ್ಟೆಯ ದರ. ದಲ್ಲಾಳಿ ಕಟ್ಟಿದ ದರ್ಜೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾ? ಮೊದಲ ದರ್ಜೆ ನಾಲ್ಕೇ ತೋಟಗಳಿಗೆ ಸಿಕ್ಕಿತು. ಮೂತೋಂ ಎರಡನೇ ದರ್ಜೆಯ ಪಟ್ಟಿಯಲ್ಲಿ ಮೊದಲು ನಿಂತಿತು. ಆ ಸಿಟ್ಟು ಈ ಮನೆಯಲ್ಲಿ ನೂರು ವರ್ಷಕ್ಕೂ ಜಾಸ್ತಿ ಉಳಿಯಿತು. "ಮೊದಲನೆಯವನಾಗಲಾರೆ, ಎರಡನೆಯವನಾಗಲೊಲ್ಲೆ, ನಾನು ಮೂತೋಂ" ಎಂಬ ಮಾತನ್ನೇ ಅವರು ಬಿರುದು ಮಾಡಿಕೊಂಡರು.

ಮೊದಲ ತಲೆಮಾರುಗಳಿಗೆ ತೋಟ ಒಂದು ಆಸ್ತಿ, ಅಷ್ಟೆ. ಕಥೆ ಶುರುವಾಗುವುದೇ 1922ರಲ್ಲಿ, ನಥಾನಿಯಲ್‌ನ ಮರಿಮಗ ಫಿಲಿಪ್ ಇಪ್ಪತ್ತನೇ ವಯಸ್ಸಿಗೆ ಯಜಮಾನಿಕೆ ವಹಿಸಿಕೊಂಡಾಗ. ನಿಮ್ಮ ಮಣೂಕದ ಮಾತು ಓದಿದಾಗ ನನಗೆ ಥಟ್ಟನೆ ನೆನಪಾದವನು ಇವನೇ. ಆಗ ಬೋರ್ದೊದಲ್ಲಿ ತೋಟದವರು ವೈನನ್ನು ಪೀಪಾಯಿಯಲ್ಲೇ ವ್ಯಾಪಾರಿಗೆ ಕೊಟ್ಟುಬಿಡುತ್ತಿದ್ದರು. ಅದನ್ನು ಮಾಗಿಸುವುದು, ಬಾಟಲಿಗೆ ತುಂಬುವುದು, ಚೀಟಿ ಅಂಟಿಸುವುದು ಎಲ್ಲ ಪಟ್ಟಣದ ವ್ಯಾಪಾರಿಯ ಕೈಯಲ್ಲಿ. ಏನನ್ನು ಬೆರೆಸಿದ, ಎಷ್ಟು ಬೆರೆಸಿದ, ಕೇಳುವವರಿರಲಿಲ್ಲ. ಫಿಲಿಪ್ ಇದನ್ನು ಒಪ್ಪಲಿಲ್ಲ. 1924ರ ಬೆಳೆಯಿಂದ ಅಷ್ಟನ್ನೂ ತೋಟದಲ್ಲೇ ತುಂಬಿಸತೊಡಗಿದ.

ಹೇಳುವುದು ಸುಲಭ. ವರ್ಷಗಟ್ಟಲೆ ಮಾಲು ಮನೆಯಲ್ಲೇ ಇರಬೇಕು ಎಂದರೆ ಜಾಗ ಎಲ್ಲಿ? 1926ರಲ್ಲಿ ನೂರು ಮೀಟರ್ ಉದ್ದದ ಉಗ್ರಾಣ ಕಟ್ಟಿಸಿದ. ಅದರ ವಿನ್ಯಾಸ ಮಾಡಿದ ಷಾರ್ಲ್ ಸಿಕ್ಲಿ ನಾಟಕಮಂದಿರಗಳನ್ನು ಕಟ್ಟಿಸಿ ಹೆಸರಾದವನು. ಸಾಲು ಸಾಲು ಓಕ್ ಪೀಪಾಯಿಗಳು, ಒಂದೊಂದಕ್ಕೆ 225 ಲೀಟರ್, ಅಂದರೆ 300 ಬಾಟಲಿ. ಬಾಗಿಲಲ್ಲಿ ನಿಂತರೆ ಪರದೆ ಎದ್ದ ರಂಗದ ಹಾಗೆ ಕಾಣುತ್ತದೆ. ದುಡ್ಡಿದ್ದವನಿಗೆ ಇದೆಲ್ಲ ಸಾಧ್ಯವಾಯಿತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಚೀಟಿಗೆ ಚಿತ್ರ ಬಂದದ್ದೂ ಈ ಹಟದಿಂದಲೇ. 1924ರ ಬಾಟಲಿಗೆ ಜ್ಯಾಂ ಕಾರ್ಲು ಎಂಬ ಪೋಸ್ಟರ್ ಕಲಾವಿದ ಟಗರಿನ ತಲೆ ಮತ್ತು ಮನೆತನದ ಐದು ಬಾಣಗಳನ್ನು ಬರೆದುಕೊಟ್ಟ. ಇದು ನಮ್ಮ ಮನೆಯಲ್ಲೇ ತುಂಬಿದ್ದು ಎಂದು ಸಾರುವ ಮುದ್ರೆ ಅದು. ಜನಕ್ಕೆ ಹಿಡಿಸಲಿಲ್ಲ, ಕೆಲ ವರ್ಷದಲ್ಲಿ ನಿಂತುಹೋಯಿತು.

ಆಮೇಲೆ ಎರಡನೇ ಮಹಾಯುದ್ಧ. ಫ್ರಾನ್ಸ್ ನಾಜಿಗಳ ಕೈಗೆ ಬಿತ್ತು. ಯೆಹೂದಿ ಮನೆತನ, ಹಾಗಾಗಿ ತೋಟ ಕೈತಪ್ಪಿತು. ಫಿಲಿಪ್ ಜೈಲು ಕಂಡ, ತಪ್ಪಿಸಿಕೊಂಡು, ನಾಜಿಗಳ ವಿರುದ್ಧ ಹೋರಾಡುತ್ತಿದ್ದ ದೆಗಾಲ್ ಪಡೆ ಸೇರಿದ. ಅವನ ಹೆಂಡತಿ ಎಲಿಜಬೆತ್ 1945ರಲ್ಲಿ ರಾವೆನ್ಸ್‌ಬ್ರುಕ್ ಸೆರೆಶಿಬಿರದಲ್ಲಿ ತೀರಿಕೊಂಡಳು. ಅದೇ ವರ್ಷದ ಬೆಳೆಯ ಬಾಟಲಿಗೆ ಫಿಲಿಪ್ ಜುಲಿಯಾನ್ ಎಂಬ ಬೇರೊಬ್ಬ ತರುಣನ ಕೈಯಲ್ಲಿ ವಿಜಯದ 'ವಿ' ಅಕ್ಷರ ಬರೆಸಿದರು. ಅಲ್ಲಿಂದಾಚೆಗೆ ಹೆಚ್ಚುಕಮ್ಮಿ ಪ್ರತಿ ವರ್ಷ ಒಬ್ಬೊಬ್ಬ ಕಲಾವಿದ: ಡಾಲಿ, ಮಿರೊ, ಶಾಗಾಲ್, ವಾರ್ಹಾಲ್. 2009ರ ಚೀಟಿ ನಮ್ಮ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದ್ದು. ಕಲಾವಿದರಿಗೆ ಹಣ ಕೊಡುವುದಿಲ್ಲ, ವೈನ್ ಪೆಟ್ಟಿಗೆಗಳನ್ನು ಕೊಡುತ್ತಾರೆ.

ಪಿಕಾಸೊ ಬಂದದ್ದು 1973ರ ಬಾಟಲಿಗೆ. ಆತ ಆ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ. ಮನೆಯವರ ಸಂಗ್ರಹದಲ್ಲಿದ್ದ ಅವನ ಹಳೇ ಚಿತ್ರವನ್ನೇ ನೆನಪಿಗೆಂದು ಹಾಕಿದರು. ಅದೇ ವರ್ಷ ಫಿಲಿಪ್‌ನ ಹಟವೂ ಗೆದ್ದಿತ್ತು. ಮೂತೋಂ ಮೊದಲ ದರ್ಜೆಗೆ ಏರಿತು. ಆದೇಶಕ್ಕೆ ಸಹಿ ಹಾಕಿದವರು ಆಗ ಕೃಷಿಮಂತ್ರಿಯಾಗಿದ್ದ ಜಾಕ್ ಶಿರಾಕ್, ಮುಂದೆ ಅಧ್ಯಕ್ಷರಾದವರು. ಬಿರುದನ್ನೂ ತಿದ್ದಿಕೊಂಡರು: "ಮೊದಲನೆಯವನು ನಾನು, ಎರಡನೆಯವನಾಗಿದ್ದೆ, ಮೂತೋಂ ಬದಲಾಗದು."

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ತಮಾಷೆ ಏನೆಂದರೆ, 1973ರ ಬೆಳೆ ಚೆನ್ನಾಗಿರಲಿಲ್ಲ. ವೈನು ತೆಳು. ಇವತ್ತು ಆ ಬಾಟಲಿಗೆ ಸಿಗುವ ದುಡ್ಡು ಪಿಕಾಸೊಗೇ ಹೊರತು ದ್ರಾಕ್ಷಿಗಲ್ಲ. ಇನ್ನೊಂದು ಕೇಳಿ. 1993ರ ಚೀಟಿಗೆ ಬಾಲ್ತುಸ್ ಎಂಬ ಕಲಾವಿದ ಒಬ್ಬ ಹುಡುಗಿಯ ನಗ್ನಚಿತ್ರ ಬರೆದುಕೊಟ್ಟ. ಅಮೆರಿಕದಲ್ಲಿ ಗಲಾಟೆಯಾಯಿತು. ಅಲ್ಲಿಗೆ ಚಿತ್ರದ ಜಾಗ ಖಾಲಿ ಬಿಟ್ಟ ಚೀಟಿ ಹೋಯಿತು. ಸಂಗ್ರಹ ಮಾಡುವವರು ಆ ಖಾಲಿ ಚೀಟಿಯನ್ನೂ ಹುಡುಕಿ ಕೊಳ್ಳುತ್ತಾರೆ!

ಹಾಗಂತ ಎಲ್ಲವೂ ಚೀಟಿ ಮಹಿಮೆ ಎಂದರೆ ಸುಳ್ಳಾಗುತ್ತದೆ. 1976ರಲ್ಲಿ ಪ್ಯಾರಿಸಿನಲ್ಲಿ ಹೆಸರು ಮುಚ್ಚಿ ರುಚಿ ನೋಡಿಸಿದರು. 1970ರ ಮೂತೋಂ ಎರಡನೆಯದಾಯಿತು, ಕ್ಯಾಲಿಫೋರ್ನಿಯದ ಒಂದು ವೈನಿನ ಹಿಂದೆ. ಎರಡನೆಯವನಾಗಲೊಲ್ಲೆ ಎಂದವರಿಗೆ ಹೇಗಾಗಿರಬೇಡ! ಆದರೂ ಚೀಟಿ ಇಲ್ಲದೆ ಬಂದ ಸ್ಥಾನ ಅದು, ಅಲ್ವಾ?

ಬೆಳೆಗಾರರಾಗಿ ನಿಮಗೆ ಆಸಕ್ತಿ ಇರುವುದು ನೆಲದ ಬಗ್ಗೆ ಇರಬೇಕು. ಅಲ್ಲಿ ನಿಮ್ಮಲ್ಲಿಯ ಹಾಗೆ ಚಪ್ಪರವಿಲ್ಲ. ಗಿಡ ಸೊಂಟದ ಕೆಳಗೇ, ತಂತಿಗೆ ಕಟ್ಟಿದ್ದು. ಎಕರೆಗೆ ನಾಲ್ಕು ಸಾವಿರದ ಹತ್ತಿರ ಗಿಡ, ನಿಮ್ಮ ಲೆಕ್ಕಕ್ಕೆ ಹೋಲಿಸಿ ನೋಡಿ. ನೆಲವೆಲ್ಲ ಗರಸು, ಬೆಣಚುಕಲ್ಲು. ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯಲೇಬೇಕು. ಹಣ್ಣು ಬಹುಪಾಲು ಕಾಬರ್ನೆ ಸೊವಿನ್ಯೋಂ ಎಂಬ ತಳಿ. ಕಾಳು ಸಣ್ಣದು, ಸಿಪ್ಪೆ ದಪ್ಪ, ಬಾಯಿಗೆ ಹಾಕಿಕೊಂಡರೆ ಒಗರು. ಆ ಒಗರೇ ಬಂಡವಾಳ. ಹತ್ತಿಪ್ಪತ್ತು ವರ್ಷ ಬಾಟಲಿಯಲ್ಲಿ ಮಲಗಿದರೆ ಅದು ಮೆತ್ತಗಾಗುತ್ತದೆ.

ಫಿಲಿಪ್ 1988ರಲ್ಲಿ ತೀರಿಕೊಂಡ. ನಾಟಕದ ನಟಿಯಾಗಿದ್ದ ಮಗಳು ಫಿಲಿಪೀನ್ ತೋಟ ಹಿಡಿದು ನಡೆಸಿದರು. 2014ರಲ್ಲಿ ಅವರೂ ಹೋದರು. ಈಗ ಅವರ ಮೂವರು ಮಕ್ಕಳ ಕೈಯಲ್ಲಿದೆ.

ಕುಡಿದಿದ್ದೀರಾ ಎಂದಿರಿ. ಇಲ್ಲ, ನನ್ನ ಸಂಬಳಕ್ಕೆ ಎಟುಕುವುದಲ್ಲ. ಒಂದು ಮದುವೆಯಲ್ಲಿ 'ಮೂತೋಂ ಕಾಡೆ' ಒಂದು ಗ್ಲಾಸ್ ಸಿಕ್ಕಿತ್ತು. ಅದೇ ಇದು ಎಂದುಕೊಂಡು ಕಣ್ಣುಮುಚ್ಚಿ ಕುಡಿದೆ. ಆಮೇಲೆ ಗೊತ್ತಾಯಿತು: 1930ರ ಬೆಳೆ ಕೈಕೊಟ್ಟಾಗ ದೊಡ್ಡ ಹೆಸರು ಕೆಡಬಾರದೆಂದು ಬೇರೆ ಹೆಸರಿನಲ್ಲಿ ಮಾರಿದ್ದರಲ್ಲ, ಅದರ ಸಂತಾನ ಇದು. ಈಗ ಬೋರ್ದೊದ ಬೇರೆ ಬೇರೆ ಬೆಳೆಗಾರರ ಹಣ್ಣಿನಿಂದ ಮಾಡುತ್ತಾರೆ. ಆ ಬೆಳೆಗಾರರ ಹೆಸರು ಚೀಟಿಯ ಮೇಲೆ ಇರಲಿಲ್ಲ.