ಮೊಲಕ್ಕೆ ಮೂಗಿನ ಮೂಲಕ ಅರಿವಳಿಕೆ ಕೊಡಬಹುದೇ?

ಕೊಡಬಹುದು. ಮಿಡಜೋಲಾಮ್, ಕೆಟಮಿನ್, ಡೆಕ್ಸ್‌ಮೆಡೆಟೊಮಿಡಿನ್‌ನಂಥ ಔಷಧಗಳನ್ನು ಸೂಜಿಯಿಲ್ಲದ ಸಿರಿಂಜಿನಿಂದ ಹೊಳ್ಳೆಗೆ ಹನಿಹನಿಯಾಗಿ ಬಿಡುತ್ತಾರೆ. ಮೂಗಿನ ಒಳಪೊರೆಯಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಔಷಧ ನೇರ ರಕ್ತಕ್ಕಿಳಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಮೊಲದ ತಲೆ ನೆಲಕ್ಕೊರಗುತ್ತದೆ, ಮಗುಚಿ ಮಲಗಿಸಿದರೂ ಏಳುವುದಿಲ್ಲ. ಗಾಬರಿಯಲ್ಲಿ ಒದ್ದಾಡಿ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಲ್ಲ ಪ್ರಾಣಿಗೆ ಸೂಜಿ ತಪ್ಪುವುದು ಸಣ್ಣ ಲಾಭವಲ್ಲ.

ತೊಡಕೂ ಮೂಗಿನಲ್ಲೇ ಇದೆ. ಮೊಲ ಉಸಿರಾಡುವುದೇ ಅದರಿಂದ! ಹನಿ ಹೆಚ್ಚಾದರೆ, ಅವಸರ ಮಾಡಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಸಾಂದ್ರ ದ್ರಾವಣವನ್ನೇ ತೆಗೆದುಕೊಂಡು, ಎರಡೂ ಹೊಳ್ಳೆಗೆ ಸ್ವಲ್ಪ ಸ್ವಲ್ಪವೇ ಹಂಚುತ್ತಾರೆ. ಸೀನಿದರೆ ಎಷ್ಟು ಒಳಗೆ ಹೋಯಿತೆಂಬ ಲೆಕ್ಕ ತಪ್ಪುತ್ತದೆ. ನೆಗಡಿಯಿರುವ ಮೊಲಕ್ಕಂತೂ ಬೇಡವೇ ಬೇಡ. ಪಕ್ಕದಲ್ಲಿ ಆಮ್ಲಜನಕ ಸಿದ್ಧವಿರಲೇಬೇಕು, ಆದ್ದರಿಂದ ಇದು ಪಶುವೈದ್ಯರ ಕೆಲಸ. ಡೆಕ್ಸ್‌ಮೆಡೆಟೊಮಿಡಿನ್ ಕೊಟ್ಟಿದ್ದರೆ, ಅದರ ಪರಿಣಾಮ ಇಳಿಸಲು ಅಟಿಪಮೆಜೋಲ್ ಇದೆ.