ಕರ್ಣ ಅತ್ತದ್ದು ಯಾರಿಗಾಗಿ?

ನಮಸ್ಕಾರ.

ಕುಮಾರವ್ಯಾಸನನ್ನು ಓದಿದ ಖುಷಿಯ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಭಾಷೆ ಚೊಕ್ಕವಾಗಿದೆ. ಶಾಲೆಯಲ್ಲಿ ಅಂಕಕ್ಕಾಗಿ ಓದಿದ ಕವಿಯನ್ನು ಕೆಲಸಕ್ಕೆ ಸೇರಿದ ಮೇಲೆ ಯಾರೂ ಹೇಳದೆ ಮತ್ತೆ ಕೈಗೆತ್ತಿಕೊಂಡಿದ್ದೀರಿ, ಅದು ಸಂತೋಷ. ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾರೆ. ಓದುತ್ತಾ ಓದುತ್ತಾ ನನಗೆ ಸಿಟ್ಟೇ ಬಂತು. ಅಷ್ಟು ಉದ್ದದ ಲೇಖನದಲ್ಲಿ ಕುಮಾರವ್ಯಾಸನ ಒಂದೇ ಒಂದು ಸಾಲೂ ಇಲ್ಲ!

ಎರಡನೇ ಪುಟ ನೋಡಿ. ‘ಜನ್ಮರಹಸ್ಯ ತಿಳಿದ ಕರ್ಣನ ತೊಳಲಾಟವನ್ನು ಕವಿ ಅತ್ಯದ್ಭುತವಾಗಿ ಚಿತ್ರಿಸಿದ್ದಾನೆ’ ಎಂದಿದ್ದೀರಿ. ಹೇಗೆ ಚಿತ್ರಿಸಿದ್ದಾನೆ? ಮುಂದಿನ ವಾಕ್ಯ, ‘ಓದುತ್ತಿದ್ದಂತೆ ಮೈ ಜುಮ್ಮೆಂದಿತು.’ ಯಾವ ಮಾತಿಗೆ? ಅದರ ಮುಂದೆ, ‘ರೂಪಕ ಸಾಮ್ರಾಜ್ಯದ ಚಕ್ರವರ್ತಿ ಎಂಬ ಬಿರುದು ಸುಮ್ಮನೆ ಬಂದಿಲ್ಲ.’ ಆ ಬಿರುದು ಬೇರೆಯವರು ಓದಿ ಕೊಟ್ಟದ್ದು. ನೀವು ಓದಿ ಕಂಡದ್ದೇನು?

ನೀವು ಹೇಳುವ ಜಾಗ ಉದ್ಯೋಗಪರ್ವದಲ್ಲಿದೆ. ನೀನು ಕುಂತಿಯ ಮಗ ಎಂದು ಕೃಷ್ಣ ಕರ್ಣನಿಗೆ ಹೇಳಿದ್ದಾನೆ.

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ

ಗಟ್ಟಿಯಾಗಿ ಓದಿ. ಮೊದಲು ಕೊರಳಿನ ನರ ಉಬ್ಬುತ್ತದೆ. ಆಮೇಲೆ ಕಣ್ಣೀರು ನುಗ್ಗುತ್ತದೆ. ‘ಅಕಟಾ’ ಅನ್ನುವಲ್ಲಿ ಸಾಲು ಮುಗಿಯುತ್ತದೆ, ಓದುವವರ ಉಸಿರೂ ಅಲ್ಲೇ ನಿಲ್ಲುತ್ತದೆ. ಈಗ ಅವನಿಗೆ ಯಾರು ನೆನಪಾಗಬೇಕು? ಹೆತ್ತು ನೀರಿಗೆ ಬಿಟ್ಟ ತಾಯಿ, ಅಲ್ವಾ? ಇಲ್ಲ. ಮುಂದಿನ ಸಾಲು ಶುರುವಾಗುವುದೇ ‘ಕುರುಪತಿಗೆ’ ಎಂದು. ಪಾಂಡವರು ತಮ್ಮಂದಿರು ಎಂದು ತಿಳಿದ ಮೇಲೆ ಇನ್ನು ಮೊದಲಿನ ಹಾಗೆ ಕಾದಲು ಆಗುವುದಿಲ್ಲ, ದುರ್ಯೋಧನ ಕೆಟ್ಟ ಎಂಬುದು ಅವನಿಗೆ ಆ ಕ್ಷಣಕ್ಕೇ ಹೊಳೆದಿದೆ. ಅಳು ತನಗಾಗಿ ಅಲ್ಲ. ಇದನ್ನು ‘ತೊಳಲಾಟ’ ಎಂದು ಬರೆದು ಮುಂದೆ ಹೋಗಿಬಿಟ್ಟರೆ ಓದುಗರಿಗೆ ನೀವು ಏನನ್ನೂ ಕೊಟ್ಟಂತಾಗಲಿಲ್ಲ.

‘ಕೃಷ್ಣ ರಾಜ್ಯದ ಆಮಿಷ ಒಡ್ಡುತ್ತಾನೆ’ ಎಂದೂ ಬರೆದಿದ್ದೀರಿ. ಇಷ್ಟು ಕಥೆ ಕುಮಾರವ್ಯಾಸನಿಗಿಂತ ಮೊದಲೇ ಎಲ್ಲರಿಗೂ ಗೊತ್ತಿತ್ತು. ಅವನ ಕೃಷ್ಣ ಆಮಿಷ ಒಡ್ಡುವ ರೀತಿ ನೋಡಿ. ‘ಎಡದ ಮೈಯಲಿ ಕೌರವೇಂದ್ರರ ಗಡಣ, ಬಲದಲಿ ಪಾಂಡುತನಯರ ಗಡಣ’ ಎಂದು ಶುರುಮಾಡಿ ಇಡೀ ಓಲಗವನ್ನೇ ಕಣ್ಣೆದುರು ಕೂರಿಸುತ್ತಾನೆ, ನಡುವೆ ಕರ್ಣ. ಅದೇ ಉಸಿರಿನಲ್ಲಿ ಚುಚ್ಚುತ್ತಾನೆ: ‘ಕುರುಪತಿ ನುಡಿಸೆ ಜೀಯ ಹಸಾದವೆಂಬುದು ಕಷ್ಟ ನಿನಗೆಂದ.’ ಅಂಥ ಸಿಂಹಾಸನ ಬಿಟ್ಟು, ದುರ್ಯೋಧನ ಮಾತಾಡಿಸಿದಾಗಲೆಲ್ಲ ‘ಅಪ್ಪಣೆ ಸ್ವಾಮಿ’ ಅನ್ನುವುದು ನಿನಗೆ ಕಷ್ಟ ಕಣಯ್ಯಾ ಎಂದು. ಒಂದೇ ಪದ್ಯದಲ್ಲಿ ಆಸೆಯೂ ಇದೆ, ಅವಮಾನವೂ ಇದೆ. ಎಷ್ಟು ಸಲ ಓದಿದರೂ ಇಲ್ಲಿ ನನಗೆ ಕೃಷ್ಣನ ಬಗ್ಗೆ ಭಯವಾಗುತ್ತದೆ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದು. ಪುಟಗಳು ಅಚ್ಚಿಗೆ ಹೋಗುವ ತನಕ ರಾತ್ರಿ ಕಾಯಬೇಕಿತ್ತು. ಆಗ ನಮ್ಮ ಹಿರಿಯ ಉಪಸಂಪಾದಕರು ಮೇಜಿನ ಖಾನೆಯಿಂದ ಗದುಗಿನ ಭಾರತ, ಅಂದರೆ ಕುಮಾರವ್ಯಾಸನ ಇದೇ ಕಾವ್ಯ, ತೆಗೆಯುತ್ತಿದ್ದರು. 1958ರಲ್ಲಿ ಮೈಸೂರು ಸರ್ಕಾರ ಹೊರತಂದ, ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ದಪ್ಪ ಪುಸ್ತಕ. ನಾನು ಓದಬೇಕು, ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಭಾಮಿನಿ ಷಟ್ಪದಿಯ ಆ ನಡಿಗೆ ತಪ್ಪಿದರೆ ಬೆರಳಿನಿಂದ ಮೇಜು ತಟ್ಟುವರು. ಅರ್ಥ ಕೇಳಿದರೆ ಹೇಳುತ್ತಿರಲಿಲ್ಲ. ‘ಇನ್ನೊಂದ್ಸಲ ಓದಪ್ಪ’ ಅನ್ನುತ್ತಿದ್ದರು, ಅಷ್ಟೇ. ಓದುತ್ತಾ ಪದಗಳು ಸರಿಯಾದ ಜಾಗದಲ್ಲಿ ಬಿಡಿಸಿಕೊಂಡು, ಅರ್ಥ ತಾನಾಗಿ ಮೇಲೆ ಬರುತ್ತಿತ್ತು. ಆ ಸುಖಕ್ಕೆ ಸಮನಾದದ್ದು ನನಗೆ ಇವತ್ತಿಗೂ ಸಿಕ್ಕಿಲ್ಲ. ನಿಮ್ಮ ಲೇಖನದಲ್ಲಿ ನಾನು ಹುಡುಕಿದ್ದು ಅದನ್ನೇ.

ಮತ್ತೆ ಬರೆಯಿರಿ. ಕವಿಪರಿಚಯ ಬೇಡ, ಗದುಗಿನ ಗುಡಿಯ ಕಥೆಯೂ ಬೇಡ. ಕರ್ಣ ಕೊಡುವ ಉತ್ತರ ‘ಮರುಳು ಮಾಧವ’ ಎಂದು ಶುರುವಾಗಿ ‘ಕೌರವೇಂದ್ರನ ಕೊಂದೆ ನೀನೆಂದ’ ಎಂದು ಮುಗಿಯುತ್ತದೆ. ನೀವು ಅದನ್ನು ‘ನಿರಾಕರಿಸುತ್ತಾನೆ’ ಎಂಬ ಒಂದು ಮಾತಲ್ಲಿ ಮುಗಿಸಿದ್ದೀರಿ. ಆ ಒಂದೇ ಪದ್ಯದ ಮೇಲೆ ಎರಡು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.